ಉಣ್ಣೆ ಸಾಕ್ಸ್ ಬಹಳ ದಿನ ಬಾಳಬೇಕೆಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ಕೂತು ಉಣ್ಣೆ ಸಾಕ್ಸ್ ಬಗ್ಗೆ ಬರೆಯುತ್ತೇನೆ ಎಂದಾಗ ಕಾರವಾರದ ನನ್ನ ತವರಿನವರು ನಕ್ಕೇ ಬಿಟ್ಟರು. "ಇಲ್ಲಿ ಮೈಮೇಲೆ ಬನಿಯನ್ನೇ ಜಾಸ್ತಿ, ಉಣ್ಣೆ ಯಾರಿಗೆ ಬೇಕು?" ಅಂದರು. ಆದರೆ ಹುಡುಕಿದರೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಉಣ್ಣೆ ಸಾಕ್ಸ್ ಕಡಿಮೆಯೇನೂ ಇಲ್ಲ. ಮಗ ಜರ್ಮನಿಯಿಂದ ತಂದುಕೊಟ್ಟದ್ದು ಇರುತ್ತದೆ. ಹಿಮಾಲಯದ ಚಾರಣಕ್ಕೆಂದು ಕೊಂಡು ಒಂದೇ ಸಲ ಹಾಕಿದ್ದು ಇರುತ್ತದೆ. ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಹೋದಾಗ ತಂದದ್ದು, ನೌಕಾನೆಲೆಗೆ ಉತ್ತರದಿಂದ ವರ್ಗವಾಗಿ ಬಂದವರ ಟ್ರಂಕಿನಲ್ಲಿ ಮಲಗಿರುವುದು, ಪುಷ್ಯ ಮಾಸದ ಚಳಿಗೆ ಅಜ್ಜನ ಕಾಲಿಗೆ ಹಾಕುವುದು, ಎಲ್ಲ ಇವೆ.

ನನಗೆ ಹೆಣಿಗೆ ಬರುತ್ತದೆ, ರಫೂ ಮಾಡಲೂ ಬರುತ್ತದೆ. ಹಾಗಾಗಿ ಹಾಳಾದ ಸಾಕ್ಸ್‌ಗಳೆಲ್ಲ ನಮ್ಮ ಮನೆ ಜಗಲಿಗೆ ಬರುತ್ತವೆ, ಅವುಗಳ ಜೊತೆ ಪ್ರಶ್ನೆಗಳೂ ಬರುತ್ತವೆ. ಹೆಚ್ಚು ಸಲ ಕೇಳಿದ್ದು ಇವು.

ನನ್ನ ಸಾಕ್ಸ್ ನಿಜವಾಗಿ ಉಣ್ಣೆಯದ್ದೇನಾ?

ಮೊದಲು ಇದನ್ನು ನೋಡಿಕೊಳ್ಳಿ. ಜಾತ್ರೆಯಲ್ಲಿ, ಸಂತೆಯಲ್ಲಿ "ವುಲನ್" ಎಂದು ಮಾರುವ ಬಹಳಷ್ಟು ಸಾಕ್ಸ್ ಅಕ್ರಿಲಿಕ್. ಅದು ಪ್ಲಾಸ್ಟಿಕ್ಕಿನ ನೂಲು. ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಈ ಉಪಚಾರ ಯಾವುದೂ ಬೇಡ.

ಒಳಗಿನಿಂದ ಒಂದು ಎಳೆ ಎಳೆದು ಕತ್ತರಿಸಿ. ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ, ಬೆಂಕಿಕಡ್ಡಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯ ಹಾಗೆ ಕೂರುತ್ತದೆ. ಮಿಶ್ರ ನೂಲಾದರೆ ಎರಡೂ ಸ್ವಲ್ಪ ಸ್ವಲ್ಪ.

ಚೀಟಿ ಇದ್ದರೆ ಅದನ್ನು ಓದಿ. ನೂಲಿನ ಉಂಡೆಯಂಥ ವೂಲ್‌ಮಾರ್ಕ್ ಗುರುತು 1964ರಿಂದ ಬಳಕೆಯಲ್ಲಿದೆ. ಅದಿಲ್ಲದಿದ್ದರೂ ಒಳ್ಳೆ ಸಾಕ್ಸ್ ಇರಬಹುದು. ಚೀಟಿಯಲ್ಲಿ ಒಂದಷ್ಟು ನೈಲಾನ್ ಎಂದಿದ್ದರೆ ಮೋಸ ಎಂದುಕೊಳ್ಳಬೇಡಿ. ಸಾಕ್ಸ್‌ಗೆ ನೈಲಾನ್ ಬೇಕು, ಹಿಮ್ಮಡಿ ತೂತಾಗುವುದನ್ನು ತಡೆಯುವುದು ಅದೇ.

ಎಷ್ಟು ಸಲ ಹಾಕಿದ ಮೇಲೆ ಒಗೆಯಬೇಕು?

ನಿಮ್ಮ ಅಜ್ಜ ಕಂಬಳಿಯನ್ನು ವರ್ಷಕ್ಕೆ ಎಷ್ಟು ಸಲ ಒಗೆಯುತ್ತಿದ್ದರು? ಮಳೆಗಾಲವಿಡೀ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆ ನೆಟ್ಟಿ, ತೋಟದ ಕೆಲಸ ಎಲ್ಲ ಮಾಡುತ್ತಿದ್ದರು. ಸಂಜೆ ಬಂದು ಕೊಡವಿ ನೇತುಹಾಕಿದರೆ ಮುಗಿಯಿತು. ನಾನು ಚಿಕ್ಕವಳಿದ್ದಾಗ ಕಂಬಳಿ ತೊಳೆಯಲು ಹೊರಟು ಬೈಸಿಕೊಂಡಿದ್ದೆ. "ಕಂಬಳೀನ ಯಾರಾದ್ರೂ ತೊಳೀತ್ವನೇ ಕೂಸೇ?" ಎಂದಿದ್ದರು ದೊಡ್ಡಮ್ಮ. ಆ ಮಾತಿನಲ್ಲಿ ಹುರುಳಿತ್ತು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಗಾಳಿಗೆ ಹಾಕಿದರೆ ಆ ತೇವವನ್ನು ಬಿಡುತ್ತದೆ, ಅದರೊಂದಿಗೆ ವಾಸನೆಯೂ ಬಹುಪಾಲು ಹೋಗುತ್ತದೆ.

ಸಾಕ್ಸ್ ಕಂಬಳಿಯಲ್ಲ, ಬೆವರು ನೇರ ಅದಕ್ಕೇ ತಾಗುತ್ತದೆ, ನಿಜ. ಆದರೂ ರಾತ್ರಿ ಮಲಗುವಾಗ ಹಾಕುವುದಾದರೆ ವಾರಕ್ಕೊಮ್ಮೆ ಒಗೆದರೆ ಧಾರಾಳ. ಹಗಲು ಶೂ ಜೊತೆ ಹಾಕುವವರು ಎರಡು ಮೂರು ಸಲ ಹಾಕಬಹುದು, ಆದರೆ ನಡುವೆ ಒಂದಿಡೀ ದಿನ ಗಾಳಿಗೆ ಬಿಡಬೇಕು. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿನ ಸೆಕೆಯಲ್ಲಿ ಶೂ ಒಳಗೆ ಒಂದು ದಿನ ಇದ್ದ ಸಾಕ್ಸ್ ಮರುದಿನ ಒಗೆಯುವುದೇ ಸರಿ.

ವಾಸನೆ ನೋಡಿ ತೀರ್ಮಾನಿಸಿ. ಮೂಗಿಗಿಂತ ಒಳ್ಳೆ ಕ್ಯಾಲೆಂಡರ್ ಇಲ್ಲ.

ಒಗೆದರೆ ಚಿಕ್ಕದಾಗುತ್ತದಲ್ಲ, ಯಾಕೆ?

ನಮ್ಮ ಅತ್ತೆ ಬಟ್ಟೆ ಒಗೆಯುವುದರಲ್ಲಿ ಎತ್ತಿದ ಕೈ. ಒಂದು ಸಲ ನಮ್ಮವರ ಚಾರಣದ ಸಾಕ್ಸ್ ಕೆಸರಾಗಿ ಬಂದಿತ್ತು. ಅತ್ತೆ ಪ್ರೀತಿಯಿಂದಲೇ, ಹಂಡೆಯ ಬಿಸಿನೀರಲ್ಲಿ ನೆನೆಸಿ, ಬಾರ್ ಸೋಪು ಹಚ್ಚಿ, ಕಲ್ಲಿನ ಮೇಲೆ ನಾಲ್ಕು ಬಡಿದು, ತಣ್ಣೀರಲ್ಲಿ ಜಾಲಿಸಿ ಹಿಂಡಿ ಹಾಕಿದರು. ಸಂಜೆ ನೋಡಿದರೆ ಹತ್ತು ನಂಬರಿನ ಸಾಕ್ಸ್ ಗೇಣುದ್ದ ಆಗಿತ್ತು. ದಪ್ಪ ಮಾತ್ರ ಎರಡು ಪಟ್ಟು. ಮೈದುನನ ನಾಲ್ಕು ವರ್ಷದ ಮಗಳ ಕಾಲಿಗೆ ಸರಿಯಾಗಿ ಕೂತಿತು. ಅವಳಿಗೆ ಖುಷಿಯೋ ಖುಷಿ. ಅತ್ತೆ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆದದ್ದಿಷ್ಟೇ. ಉಣ್ಣೆಯ ಎಳೆ ನಮ್ಮ ಕೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನಿನದು. ಅದರ ಮೈಮೇಲೆ ಮೀನಿನ ಹುರುಪೆಯಂಥ ಚಿಕ್ಕ ಚಿಕ್ಕ ಪದರಗಳಿವೆ, ಎಲ್ಲವೂ ತುದಿಯ ಕಡೆ ಮುಖ ಮಾಡಿವೆ. ಚಿಕ್ಕವರಿದ್ದಾಗ ಹುಲ್ಲಿನ ತೆನೆಯನ್ನು ಅಂಗಿಯ ತೋಳಿನೊಳಗೆ ಬಿಟ್ಟು ಆಡಿದ್ದು ನೆನಪಿದೆಯಲ್ವಾ? ಕೈ ಅಲ್ಲಾಡಿಸಿದಷ್ಟೂ ಅದು ಮೇಲೇ ಹತ್ತುತ್ತದೆ, ಕೆಳಗೆ ಬಾ ಎಂದರೆ ಬರುವುದಿಲ್ಲ. ಉಣ್ಣೆಯ ಎಳೆಗಳೂ ಹಾಗೆಯೇ. ಬಿಸಿನೀರು, ಸೋಪು ತಾಗಿದಾಗ ಪದರಗಳು ಬಿಚ್ಚಿಕೊಳ್ಳುತ್ತವೆ. ಆಗ ಉಜ್ಜಿದರೆ, ಬಡಿದರೆ, ಒಂದೊಂದು ಎಳೆಯೂ ಒಂದೇ ದಿಕ್ಕಿಗೆ ತೆವಳಿ ಪಕ್ಕದ ಎಳೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದೆ ಸರಿಯಲು ದಾರಿ ಇಲ್ಲ. ಅದೇ ಜಮಾಯಿಸುವುದು.

ಒಂದು ಮಾತು ಗಮನಿಸಿ. ಬಿಸಿ ಒಂದೇ ಇದ್ದರೆ ಇಷ್ಟು ಹಾಳಾಗುವುದಿಲ್ಲ. ಬಿಸಿ ಮತ್ತು ಉಜ್ಜಾಟ ಕೂಡಿದಾಗ ಕೆಡುತ್ತದೆ. ಎರಡರಲ್ಲಿ ಉಜ್ಜಾಟವೇ ದೊಡ್ಡ ಕಳ್ಳ.

ಚಿಕ್ಕದಾದದ್ದನ್ನು ಮತ್ತೆ ದೊಡ್ಡದು ಮಾಡಬಹುದೇ?

ಸ್ವಲ್ಪ ಮಾತ್ರ ಕುಗ್ಗಿದ್ದರೆ ಹೌದು. ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಕೂದಲಿನ ಕಂಡಿಷನರ್ ಕಲಸಿ ಅರ್ಧ ಗಂಟೆ ನೆನೆಸಿ. ಆಮೇಲೆ ಟವೆಲಿನಲ್ಲಿ ಒತ್ತಿ ನೀರು ತೆಗೆದು, ಮೆಲ್ಲಗೆ ಉದ್ದಕ್ಕೆ, ಅಗಲಕ್ಕೆ ಎಳೆಯುತ್ತಾ ಬನ್ನಿ. ಅರ್ಧ ಇಂಚು ಸಿಕ್ಕರೆ ಪುಣ್ಯ. ಹೆಣಿಗೆಯ ಕಣ್ಣುಗಳೇ ಕಾಣದಷ್ಟು ಜಮಾಯಿಸಿದ್ದರೆ ಅದು ಇನ್ನು ಸಾಕ್ಸ್ ಅಲ್ಲ. ಕತ್ತರಿಸಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾಡಿಕೊಳ್ಳಿ. ಮಸಿಬಟ್ಟೆಗಿಂತ ಎಷ್ಟೋ ವಾಸಿ, ಕೈ ಸುಡುವುದಿಲ್ಲ.

ಯಾವ ಸೋಪು, ಯಾವ ಪುಡಿ?

ಯಾವುದು ಬೇಡ ಎಂದು ಮೊದಲು ಹೇಳುತ್ತೇನೆ. ಬಟ್ಟೆ ಒಗೆಯುವ ಬಾರ್ ಸೋಪು ಮತ್ತು ಮಾಮೂಲಿ ಪುಡಿ ಎರಡೂ ಕ್ಷಾರ. ಕ್ಷಾರ ಉಣ್ಣೆಗೆ ಆಗಿಬರುವುದಿಲ್ಲ. ಬೇಕಿಂಗ್ ಸೋಡಾ ಕೂಡ ಅದೇ ಜಾತಿ, ವಾಸನೆ ಹೋಗುತ್ತದೆ ಎಂದು ಸುರಿಯಬೇಡಿ. "ಎಂಜೈಮ್ ಇದೆ, ಹಠಮಾರಿ ಕಲೆ ತೆಗೆಯುತ್ತದೆ" ಎಂಬ ಪುಡಿಗಳಂತೂ ಬೇಡವೇ ಬೇಡ. ಅವುಗಳಲ್ಲಿ ಪ್ರೋಟೀನ್ ಕರಗಿಸುವ ಎಂಜೈಮ್ ಇರುತ್ತದೆ, ಉಣ್ಣೆಯೇ ಪ್ರೋಟೀನ್. ಕ್ಲೋರಿನ್ ಬ್ಲೀಚ್ ಉಣ್ಣೆಯನ್ನು ಅಕ್ಷರಶಃ ಕರಗಿಸಿಬಿಡುತ್ತದೆ.

ಬೇಕಾದದ್ದು ಉಣ್ಣೆಗೆಂದೇ ಸಿಗುವ ದ್ರವ. ಈಜಿ ಎಂಬುದು ನಮ್ಮ ಕಡೆ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅದಿಲ್ಲದಿದ್ದರೆ ತಲೆಗೆ ಹಾಕುವ ಶಾಂಪೂ ಸಾಕು. ಉಣ್ಣೆಯೂ ಕೂದಲೇ ತಾನೇ? ಒಂದು ರೂಪಾಯಿಯ ಸ್ಯಾಚೆಯಲ್ಲಿ ಎರಡು ಜೊತೆ ಆರಾಮಾಗಿ ಆಗುತ್ತದೆ. ಬಟ್ಟೆ ಮೆತ್ತಗೆ ಮಾಡುವ ಸಾಫ್ಟ್‌ನರ್ ಹಾಕಬೇಡಿ. ಅದು ಎಳೆಯ ಮೇಲೆ ಪದರ ಕಟ್ಟಿ, ಬೆವರು ಹೀರುವ ಗುಣವನ್ನೇ ಕೆಡಿಸುತ್ತದೆ.

ಅಂಟುವಾಳದಲ್ಲಿ ಒಗೆಯಬಹುದೇ?

ಧಾರಾಳವಾಗಿ. ನನ್ನ ಕೈಗೆ ಅದೇ ಒಗ್ಗಿದ್ದು. ರೇಷ್ಮೆ ಸೀರೆಗೆ, ಬಂಗಾರಕ್ಕೆ ಅಂಟುವಾಳ ಬಳಸಿ ಗೊತ್ತಿರುವವರಿಗೆ ಹೊಸದಾಗಿ ಹೇಳುವುದೇನಿಲ್ಲ. ಅದರ ನೊರೆ ಕ್ಷಾರವಲ್ಲ, ಸ್ವಲ್ಪ ಹುಳಿಯ ಕಡೆಗೇ ಇದೆ. ಉಣ್ಣೆಗೆ ಬೇಕಾದದ್ದು ಅದೇ.

ಐದಾರು ಕಾಯಿ ಒಡೆದು ಕರಿ ಬೀಜ ತೆಗೆಯಿರಿ. ಸಿಪ್ಪೆಯನ್ನು ಒಂದು ಚೊಂಬು ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಕೈಯಲ್ಲಿ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸಿ. ಚೂರು ಉಳಿದರೆ ಹೆಣಿಗೆಯೊಳಗೆ ಸಿಕ್ಕಿಕೊಂಡು ಕಾಲಿಗೆ ಚುಚ್ಚುತ್ತದೆ, ಹಾಗಾಗಿ ಸೋಸುವಾಗ ಅವಸರ ಬೇಡ. ಬಿಳಿ ಸಾಕ್ಸ್‌ಗೆ ಕ್ರಮೇಣ ಸ್ವಲ್ಪ ಕಂದು ಬಣ್ಣ ಹತ್ತುತ್ತದೆ, ಅದಕ್ಕೆ ಶಾಂಪೂವೇ ಇರಲಿ. ಕಣ್ಣಿಗೆ ಹಾರಿದರೆ ಉರಿ ಗೊತ್ತಲ್ಲ, ಜಾಗ್ರತೆ.

ಕೈಯಲ್ಲಿ ಒಗೆಯುವಾಗ ಏನು ಮಾಡಬೇಕು?

ಸಾಕ್ಸ್ ಒಳಮಗ್ಗುಲು ಹೊರಗೆ ತಿರುಗಿಸಿ. ಬೆವರು, ಸತ್ತ ಚರ್ಮ ಎಲ್ಲ ಇರುವುದು ಒಳಗೆ. ಬಕೆಟ್ಟಿನಲ್ಲಿ ನೀರು ತುಂಬಿ ಸೋಪು ಕಲಸಿದ ಮೇಲೆ ಸಾಕ್ಸ್ ಬಿಡಿ, ಸೋಪನ್ನು ನೇರ ಅದರ ಮೇಲೆ ಸುರಿಯಬೇಡಿ. ಹತ್ತು ನಿಮಿಷ ನೆನೆಯಲಿ. ಆಮೇಲೆ ಅಂಗೈಯಲ್ಲಿ ಒತ್ತಿ ಬಿಡಿ, ಒತ್ತಿ ಬಿಡಿ. ಇಡ್ಲಿ ಹಿಟ್ಟು ಕಲಸುವಷ್ಟು ಹಗುರ ಕೈ ಸಾಕು. ಉಜ್ಜುವುದಿಲ್ಲ, ಬ್ರಷ್ ಇಲ್ಲ, ಒಗೆಯುವ ಕಲ್ಲಿನ ಹತ್ತಿರವೂ ಹೋಗುವುದಿಲ್ಲ.

ನೀರಿನ ಬಿಸಿ 30 ಡಿಗ್ರಿ ದಾಟದಿದ್ದರೆ ಒಳ್ಳೆಯದು. ಕರಾವಳಿಯಲ್ಲಿ ನಲ್ಲಿ ನೀರೇ ಹೆಚ್ಚುಕಡಿಮೆ ಅಷ್ಟಿರುತ್ತದೆ, ಕಾಯಿಸುವ ಮಾತೇ ಇಲ್ಲ. ಇನ್ನೊಂದು ಸಂಗತಿ ಯಾರೂ ಯೋಚಿಸುವುದಿಲ್ಲ. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲಿನ ಕಪ್ಪು ಟಾಂಕಿಯ ನೀರು ಮುಟ್ಟಲಾರದಷ್ಟು ಕಾದಿರುತ್ತದೆ. "ತಣ್ಣೀರಲ್ಲೇ ಒಗೆದೆ, ಆದರೂ ಕುಗ್ಗಿತು" ಎಂದು ಕಾರವಾರದ ಅಕ್ಕ ಫೋನಿನಲ್ಲಿ ದೂರು ಹೇಳಿದಾಗ ಕೊನೆಗೆ ಗೊತ್ತಾದದ್ದು ಇದೇ. ಬೆಳಿಗ್ಗೆ ಒಗೆಯಿರಿ.

ಜಾಲಿಸುವ ನೀರೂ ಮೊದಲಿನಷ್ಟೇ ಬಿಸಿ ಇರಲಿ. ಬಿಸಿಯಿಂದ ಒಮ್ಮೆಲೇ ಬಾವಿಯ ಕೊರೆಯುವ ನೀರಿಗೆ ಹಾಕಬೇಡಿ. ಎರಡು ಸಲ ಜಾಲಿಸಿ, ಕೊನೆಯ ಬಕೆಟ್ಟಿಗೆ ಒಂದು ಚಮಚ ವಿನೆಗರ್ ಅಥವಾ ಅರ್ಧ ನಿಂಬೆಹಣ್ಣಿನ ರಸ ಹಾಕಿದರೆ ಸೋಪಿನ ಅಂಶ ಪೂರ್ತಿ ಹೋಗುತ್ತದೆ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಊರುಗಳಲ್ಲಿ ಇದು ಬಹಳ ಉಪಯೋಗ.

ಹಿಂಡಬೇಡಿ. ಒದ್ದೆ ಉಣ್ಣೆಗೆ ಶಕ್ತಿ ಕಡಿಮೆ. ಒಣ ಟವೆಲಿನ ಮೇಲೆ ಸಾಕ್ಸ್ ಇಟ್ಟು, ಪತ್ರೊಡೆ ಸುತ್ತುವ ಹಾಗೆ ಸುತ್ತಿ, ಮೇಲಿಂದ ಒತ್ತಿ. ಟವೆಲು ಅರ್ಧ ನೀರು ಕುಡಿದುಬಿಡುತ್ತದೆ.

ವಾಷಿಂಗ್ ಮಷಿನ್‌ಗೆ ಹಾಕಬಹುದೇ?

ಚೀಟಿಯಲ್ಲಿ ಸೂಪರ್‌ವಾಷ್ ಎಂದಿದ್ದರೆ, ಅಥವಾ ಮಷಿನ್ ಗುರುತು ಇದ್ದರೆ ಹಾಕಿ. ಅಂಥ ಉಣ್ಣೆಯ ಪದರಗಳನ್ನು ಮೊದಲೇ ಕ್ಲೋರಿನ್‌ನಿಂದ ಸವೆಸಿ, ಮೇಲೆ ತೆಳು ರಾಳದ ಲೇಪ ಕೊಟ್ಟಿರುತ್ತಾರೆ, ಹಾಗಾಗಿ ಜಮಾಯಿಸುವುದಿಲ್ಲ. ಕಾರ್ಖಾನೆಯಲ್ಲಿ ಲೆಕ್ಕ ಹಿಡಿದು ಕ್ಲೋರಿನ್ ಕೊಡುವುದು ಬೇರೆ, ನೀವು ಮನೆಯಲ್ಲಿ ಬ್ಲೀಚ್ ಸುರಿಯುವುದು ಬೇರೆ. ಜಾಲರಿ ಚೀಲದಲ್ಲಿ ಹಾಕಿ, ವುಲ್ ಎಂದಿರುವ ಕಡೆ ತಿರುಗಿಸಿ, ತಣ್ಣೀರು. ಜೀನ್ಸ್ ಜೊತೆ ಹಾಕಬೇಡಿ. ಜಿಪ್ಪಿಗೆ ಸಿಕ್ಕಿದ ಸಾಕ್ಸ್ ನನ್ನ ಜಗಲಿಗೆ ಬಂದಾಗ ನನಗೂ ಬೇಜಾರು.

ಮಳೆಗಾಲದಲ್ಲಿ ಒಣಗಿಸುವುದು ಹೇಗೆ?

ಇದೇ ನಮ್ಮ ಜಿಲ್ಲೆಯ ನಿಜವಾದ ಪ್ರಶ್ನೆ. ಬೇರೆ ಕಡೆಯವರ ಸಾಕ್ಸ್ ಒಗೆಯುವಾಗ ಹಾಳಾಗುತ್ತದೆ, ನಮ್ಮದು ಒಣಗದೇ ಹಾಳಾಗುತ್ತದೆ. ಆರಿದ್ರಾ ಮಳೆ ಹಿಡಿದರೆ ಪುಷ್ಯ ಮಳೆ ಮುಗಿಯುವ ತನಕ ಅಂಗಳ ಕಾಣುವುದಿಲ್ಲ. ಹಪ್ಪಳವನ್ನು ಡಬ್ಬಿಯಿಂದ ತೆಗೆದು ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಅಂಥ ಗಾಳಿಯಲ್ಲಿ ದಪ್ಪ ಉಣ್ಣೆ ಒಣಗುವುದೆಂದರೆ ಮೂರು ದಿನದ ಮಾತು. ಮೂರನೇ ದಿನಕ್ಕೆ ಮುಗ್ಗಲು ವಾಸನೆ ಶುರು.

ಹಾಗಾಗಿ ಮಳೆಗಾಲದಲ್ಲಿ ನನ್ನ ಮೊದಲ ಸಲಹೆ: ಒಗೆಯಬೇಡಿ. ಗಾಳಿಗೆ ಹಾಕಿ ಮುಂದೂಡಿ. ಒಗೆಯಲೇಬೇಕೆಂದರೆ ಒಂದೇ ಜೊತೆ ಒಗೆಯಿರಿ, ಮಳೆ ಹೊಳವಾದ ದಿನ, ಬೆಳಿಗ್ಗೆ ಬೇಗ. ಟವೆಲಿನಲ್ಲಿ ಒಂದು ಸಲ ಅಲ್ಲ, ಎರಡು ಬೇರೆ ಬೇರೆ ಟವೆಲಿನಲ್ಲಿ ಒತ್ತಿ. ಆಮೇಲೆ ಹಳೆ ಪೇಪರ್ ಉಂಡೆ ಮಾಡಿ ಒಳಗೆ ತುರುಕಿ, ಒಂದು ಗಂಟೆಗೆ ತೆಗೆದು ಹೊಸ ಪೇಪರ್ ಹಾಕಿ. ಬಿಳಿ ಸಾಕ್ಸ್ ಆದರೆ ಪೇಪರಿನ ಮಸಿ ಹತ್ತುತ್ತದೆ, ಅದಕ್ಕೆ ಬಿಳಿ ಬಟ್ಟೆ ಚೂರು. ಪೇಪರ್ ತೆಗೆದು, ಫ್ಯಾನಿನ ಕೆಳಗೆ ಕುರ್ಚಿಯ ಬೆನ್ನಿಗೆ ಹಾಕಿ. ತೂಗುಹಾಕುವುದಾದರೆ ಬೆರಳಿನ ತುದಿಗೆ ಕ್ಲಿಪ್ ಹಾಕಿ. ಮೇಲಿನ ಪಟ್ಟಿಗೆ ಹಾಕಿದರೆ ನೀರಿನ ಭಾರಕ್ಕೆ ಇಲಾಸ್ಟಿಕ್ ಸಡಿಲಾಗಿ, ಮುಂದೆ ಶೂ ಒಳಗೆ ಜಾರುತ್ತದೆ.

ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವವರು ಈಗಲೂ ಇದ್ದಾರೆ. ನಮ್ಮ ಮನೆಯಲ್ಲೂ ಹಾಗೇ. ಒಲೆಯ ಬಾಯಿಂದ ಕನಿಷ್ಠ ಒಂದಾಳೆತ್ತರ ಇರಲಿ. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ, ಆದರೆ ಒಣಕಾವಿಗೆ ಒರಟಾಗಿ ಸೆಟೆದುಕೊಳ್ಳುತ್ತದೆ, ನೈಲಾನ್ ಭಾಗ ಸುಕ್ಕಾಗುತ್ತದೆ. ಹೊಗೆ ವಾಸನೆ ಹತ್ತುತ್ತದೆ ಅನ್ನಿ. ಅದು ನನಗೆ ಇಷ್ಟವೇ, ಬೆಂಗಳೂರಲ್ಲಿರುವ ಮಗಳಿಗೆ ಆಗುವುದಿಲ್ಲ. ಕುಕ್ಕರ್ ಮುಚ್ಚಳದ ಮೇಲೆ, ಇಸ್ತ್ರಿ ಪೆಟ್ಟಿಗೆ ಕೆಳಗೆ, ಮೈಕ್ರೋವೇವ್ ಒಳಗೆ ಒಣಗಿಸಿದವರನ್ನು ನೋಡಿದ್ದೇನೆ. ಮಾಡಬೇಡಿ.

ಒಣಗಿತೋ ಇಲ್ಲವೋ ಎಂದು ಕೈಯಲ್ಲಿ ಮುಟ್ಟಿದರೆ ತಿಳಿಯುವುದಿಲ್ಲ. ಉಣ್ಣೆ ಸುಳ್ಳು ಹೇಳುತ್ತದೆ. ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ತೇವ ಇದೆ.

ಬಿಸಿಲಿಗೆ ಹಾಕಬಾರದೇ?

ಒಗೆದದ್ದನ್ನು ನೆರಳಿಗೆ ಹಾಕಿ. ಒಣಗಿದ ಮೇಲೆ ಬೇಕಾದರೆ ಅರ್ಧ ಗಂಟೆ ಎಳೆಬಿಸಿಲು. ಮಾರ್ಚ್ ತಿಂಗಳ ನಡುಮಧ್ಯಾಹ್ನ ದಿನವಿಡೀ ಹಾಕಿದರೆ ಬಣ್ಣ ಹೋಗಿ ಬಿಳಿಯದು ಹಳದಿಯಾಗುತ್ತದೆ.

ಉಂಬಳ ಕಚ್ಚಿದ ರಕ್ತ, ಅಡಿಕೆ ಚೊಗರು, ಹಲಸಿನ ಮೇಣ ಹೋಗುತ್ತದೆಯೇ?

ರಕ್ತ ಹೋಗುತ್ತದೆ, ತಣ್ಣೀರಲ್ಲಿ ಮಾತ್ರ. ಬಿಸಿನೀರು ತಾಗಿದರೆ ರಕ್ತ ಬೆಂದು ಎಳೆಗೆ ಅಂಟುತ್ತದೆ. ತೋಟದಿಂದ ಬಂದ ತಕ್ಷಣ ನೆನೆಹಾಕಿ, ಶಾಂಪೂ ಹಚ್ಚಿ ಒತ್ತಿ ತೆಗೆಯಿರಿ. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದಲ್ಲ, ಹಾಗಾಗಿ ಕಲೆ ಸಣ್ಣದಿರುವುದಿಲ್ಲ. ಅಂದಹಾಗೆ ಉಣ್ಣೆ ಸಾಕ್ಸ್ ಉಂಬಳವನ್ನು ತಡೆಯುತ್ತದೆ ಎಂದು ನಂಬಬೇಡಿ. ಹೆಣಿಗೆಯ ಕಣ್ಣಿನೊಳಗೆ ಅದು ಸಲೀಸಾಗಿ ನುಗ್ಗುತ್ತದೆ. ಒತ್ತಾಗಿ ನೇಯ್ದ ಉಂಬಳದ ಚೀಲವನ್ನು ಮೇಲಿನಿಂದ ಹಾಕಿಕೊಳ್ಳಬೇಕು.

ಚೊಗರು ಹೋಗುವುದಿಲ್ಲ. ಚೊಗರಿನಲ್ಲೇ ಬಟ್ಟೆಗೆ ಬಣ್ಣ ಹಾಕುವವರಿದ್ದಾರೆ, ಉಣ್ಣೆಯಂತೂ ಬಣ್ಣ ಹಿಡಿಯುವುದರಲ್ಲಿ ಹತ್ತಿಗಿಂತ ಮುಂದು. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕಲೆ ಕಪ್ಪೂ ಆಗುತ್ತದೆ. ಕೊನೆಕೊಯ್ಲಿನ ದಿನಗಳಲ್ಲಿ ಹಳೇ ಸಾಕ್ಸ್ ಹಾಕಿ. ಗೇರುಬೀಜದ ಸಿಪ್ಪೆಯ ಎಣ್ಣೆಗೂ ಇದೇ ಉತ್ತರ.

ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ. ಸಡಿಲಾದದ್ದನ್ನು ಬೆರಳಲ್ಲಿ ಬಿಡಿಸಿ, ಆಮೇಲೆ ಎಣ್ಣೆ ಹೋಗುವ ಹಾಗೆ ಒಗೆಯಿರಿ. ಕೆಂಪು ಮಣ್ಣಿನ ಕೆಸರಾದರೆ ಸುಮ್ನೆ ಒಣಗಲು ಬಿಡಿ. ಒಣಗಿದ ಮೇಲೆ ಕೊಡವಿ, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಮೆಲ್ಲಗೆ ಒರೆಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಹಸಿ ಕೆಸರನ್ನು ಉಜ್ಜಿದರೆ ಒಳಕ್ಕೇ ಇಳಿಯುತ್ತದೆ.

ಸಮುದ್ರದ ನೀರು ತಾಗಿದರೆ?

ಅವತ್ತೇ ಸಿಹಿನೀರಲ್ಲಿ ಎರಡು ಸಲ ಜಾಲಿಸಿ. ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ. ಉಪ್ಪು ಉಳಿದ ಸಾಕ್ಸ್ ಎಷ್ಟು ಹರವಿದರೂ ಒಣಗುವುದಿಲ್ಲ. ಮರಳನ್ನು ಮಾತ್ರ ಒಣಗಿದ ಮೇಲೆ ಒಳಹೊರಗು ಮಾಡಿ ಕೊಡವಿ. ಒಳಗೆ ಉಳಿದ ಮರಳು ಶೂ ಒಳಗೆ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ, ಗೋಕರ್ಣದ ಬೀಚುಗಳ ಚಾರಣ ಮುಗಿಸಿ ಬಂದವರ ಸಾಕ್ಸ್ ಬೇಗ ತೂತಾಗುವುದು ಅದಕ್ಕೇ.

ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆಗಿದೆ. ಉಣ್ಣೆ ಸಾಕ್ಸ್ ಹಾಕಬಹುದೇ?

ವಾಸಿಯಾಗುವ ತನಕ ಹತ್ತಿಯದ್ದು ಹಾಕಿ. ಆ ಶಿಲೀಂಧ್ರ ಸಾಯಬೇಕಾದರೆ 60 ಡಿಗ್ರಿಯಷ್ಟು ಬಿಸಿನೀರು ಬೇಕು, ಹತ್ತಿ ಅದನ್ನು ತಡೆಯುತ್ತದೆ, ಉಣ್ಣೆ ತಡೆಯುವುದಿಲ್ಲ. ವೈದ್ಯರಿಗೆ ತೋರಿಸಿ, ಮುಲಾಮು ಕೊಡುತ್ತಾರೆ. ಒಬ್ಬರ ಸಾಕ್ಸ್ ಇನ್ನೊಬ್ಬರು ಹಾಕುವ ಅಭ್ಯಾಸ ಅಷ್ಟು ದಿನವಾದರೂ ಇರದಿರಲಿ.

ಪೆಟ್ಟಿಗೆಯಲ್ಲಿಟ್ಟ ಸಾಕ್ಸ್ ಹುಳ ತಿಂದಿದೆ. ಏನು ಮಾಡಲಿ?

ತಿನ್ನುವುದು ಹಾರುವ ಪತಂಗ ಅಲ್ಲ, ಅದರ ಮರಿಹುಳ. ಒಣಹುಲ್ಲಿನ ಬಣ್ಣದ ಚಿಕ್ಕ ಪತಂಗ, ಬೆಳಕು ಕಂಡರೆ ಓಡುತ್ತದೆ. ಕತ್ತಲೆಯ ಪೆಟ್ಟಿಗೆಯಲ್ಲಿ, ಮಡಿಕೆಗಳ ಒಳಗೆ ಮೊಟ್ಟೆ ಇಡುತ್ತದೆ. ಮರಿಹುಳಕ್ಕೆ ಬೆವರು ಹತ್ತಿದ ಉಣ್ಣೆ ಎಂದರೆ ಪ್ರಾಣ. ಹಾಗಾಗಿ ಒಂದೇ ಸಲ ಹಾಕಿದ್ದಾದರೂ ಸರಿ, ಒಗೆಯದೇ ವರ್ಷಗಟ್ಟಲೆ ಒಳಗಿಡಬೇಡಿ. ಕಡಿಮೆ ಒಗೆಯಿರಿ ಎಂದೆನಲ್ಲ, ಅದು ಹಾಕುತ್ತಿರುವ ಸಾಕ್ಸ್‌ಗೆ ಮಾತ್ರ.

ಹುಳ ಈಗಾಗಲೇ ಬಿದ್ದಿದ್ದರೆ ಸಾಕ್ಸ್ ಕೊಡವಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಹಾಗಾದರೆ ಲೆಕ್ಕ ಮತ್ತೆ ಒಂದರಿಂದ. ಹೊರಗೆ ತೆಗೆದ ಮೇಲೆ ಚೀಲ ತಕ್ಷಣ ಬಿಚ್ಚಬೇಡಿ, ತಣ್ಣಗಿನ ಉಣ್ಣೆಯ ಮೇಲೆ ಗಾಳಿಯ ನೀರು ಕೂರುತ್ತದೆ. ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಮೂಲೆ ಮೂಲೆ ಒರೆಸಿ.

ಬೇವಿನೆಲೆ, ಲವಂಗ, ಬಜೆ ಎಲ್ಲ ಹುಳ ಹತ್ತಿರ ಬರದಂತೆ ಸ್ವಲ್ಪ ಸಹಾಯ ಮಾಡಬಹುದು. ಬಂದ ಹುಳವನ್ನು ಓಡಿಸುವುದಿಲ್ಲ. ನುಸಿಗುಳಿಗೆ ಕೆಲಸ ಮಾಡುತ್ತದೆ, ಆದರೆ ಅದು ವಿಷ. ಕೂಸಿನ ಬಟ್ಟೆ ಇರುವ ಪೆಟ್ಟಿಗೆಗೆ ಹಾಕಲೇಬೇಡಿ, ಕೆಲವು ಶಿಶುಗಳ ರಕ್ತಕ್ಕೆ ಅದರಿಂದ ಅಪಾಯ ಇದೆ.

ಬೂಷ್ಟು ಬಂದರೆ?

ಹೊರಗೆ ಒಯ್ದು ಒಣ ಬ್ರಷ್‌ನಲ್ಲಿ ತೆಗೆಯಿರಿ. ಆಮೇಲೆ ವಿನೆಗರ್ ಹಾಕಿದ ನೀರಲ್ಲಿ ಜಾಲಿಸಿ ಒಗೆಯಿರಿ, ಬಿಸಿಲು ತೋರಿಸಿ. ಕಪ್ಪು ಚುಕ್ಕೆ ಉಳಿದರೆ ಉಳಿಯಿತು. ಮಳೆಗಾಲಕ್ಕೆ ಮೊದಲೇ, ಮೇ ತಿಂಗಳ ಒಣ ದಿನದಲ್ಲಿ, ಗರಿಗರಿ ಒಣಗಿದ ಸಾಕ್ಸನ್ನು ಜಿಪ್ ಚೀಲದಲ್ಲಿ ಹಾಕಿ ಗಾಳಿ ತೆಗೆದು ಮುಚ್ಚಿಟ್ಟರೆ ಈ ಗೋಳೇ ಇಲ್ಲ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ಅದನ್ನು ಇದರೊಳಗೆ ಹಾಕಿ.

ಮೇಲೆ ಗುಂಜು ಏಳುತ್ತದೆ. ಕಳಪೆ ಮಾಲೇ?

ಅಲ್ಲ. ಮೆತ್ತನೆ ಉಣ್ಣೆಗೆ ಗುಂಜು ಜಾಸ್ತಿ. ಕೈಯಲ್ಲಿ ಕೀಳಬೇಡಿ, ಎಳೆಯೂ ಜೊತೆಗೆ ಬರುತ್ತದೆ. ಸಣ್ಣ ಕತ್ತರಿಯಲ್ಲಿ ಕತ್ತರಿಸಿ.

ಹಿಮ್ಮಡಿಯೇ ಯಾಕೆ ಮೊದಲು ತೂತಾಗುತ್ತದೆ? ರಫೂ ಮಾಡುವುದು ಹೇಗೆ?

ಅರ್ಧ ತಪ್ಪು ಕಾಲಿನದು. ಜನವರಿಯಲ್ಲಿ ನಮ್ಮೆಲ್ಲರ ಹಿಮ್ಮಡಿ ಒಡೆದು ತುರಿಮಣೆಯ ಹಾಗಿರುತ್ತದೆ. ಉಗುರು ಬೆಳೆದಿದ್ದರೆ ಹೆಬ್ಬೆರಳಿನ ಜಾಗವೂ ಹೋಯಿತು. ಇನ್ನು ಸಾಕ್ಸ್ ಹಾಕಿಕೊಂಡು ಚಪ್ಪಲಿ ಇಲ್ಲದೆ ಸಿಮೆಂಟು ನೆಲದ ಮೇಲೆ ಓಡಾಡುವವರಿಗೆ ನಾನು ರಫೂ ಮಾಡಿಕೊಡುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ.

ತೂತಾಗುವ ಮೊದಲೇ ಹಿಡಿಯಬೇಕು. ಸಾಕ್ಸ್ ಒಳಗೆ ಕೈ ಹಾಕಿ ಬೆಳಕಿಗೆ ಹಿಡಿಯಿರಿ. ಚರ್ಮ ಕಂಡರೆ ಆ ಜಾಗ ಸವೆದಿದೆ. ಈಗ ರಫೂ ಹತ್ತು ನಿಮಿಷದ ಕೆಲಸ, ತೂತಾದ ಮೇಲೆ ಒಂದು ಗಂಟೆ.

ಒಂದು ತೆಂಗಿನ ಕರಟ ಬೇಕು. ಹೊರಮೈಯನ್ನು ನಾರಿಲ್ಲದ ಹಾಗೆ ಗಾಜಿನ ಚೂರಲ್ಲಿ ಹೆರೆದು ನುಣ್ಣಗೆ ಮಾಡಿಕೊಳ್ಳಿ. ನನ್ನದು ಹದಿನೈದು ವರ್ಷದಿಂದ ಅದೇ ಕರಟ, ಈಗ ಕನ್ನಡಿಯ ಹಾಗೆ ಹೊಳೆಯುತ್ತದೆ. ಅದನ್ನು ಸಾಕ್ಸ್ ಒಳಗೆ ಹಾಕಿ, ತೂತು ಉಬ್ಬಿನ ಮೇಲೆ ಬರುವ ಹಾಗೆ ಹಿಡಿದು, ಕೆಳಗೆ ರಬ್ಬರ್ ಬ್ಯಾಂಡ್ ಹಾಕಿ. ಜಾಸ್ತಿ ಎಳೆಯಬೇಡಿ, ತೂತು ದೊಡ್ಡದಾಗುತ್ತದೆ. ಮೊಂಡು ತುದಿಯ ದಪ್ಪ ಸೂಜಿಗೆ ಉಣ್ಣೆ ನೂಲು ಪೋಣಿಸಿ. ತೂತಿನ ಅಂಚಿಂದ ಶುರು ಮಾಡುವುದು ಎಲ್ಲರೂ ಮಾಡುವ ತಪ್ಪು. ಒಂದು ಬೆರಳಗಲ ಹೊರಗೆ, ಗಟ್ಟಿ ಹೆಣಿಗೆಯಲ್ಲಿ ಶುರು ಮಾಡಿ. ಮೊದಲು ಉದ್ದಕ್ಕೆ ಸಾಲು ಸಾಲು ಎಳೆಗಳು, ಮಗ್ಗದ ಹಾಸಿನ ಹಾಗೆ. ಆಮೇಲೆ ಅಡ್ಡಕ್ಕೆ, ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ. ಮರುಸಾಲಿನಲ್ಲಿ ಅದಲುಬದಲು. ಚಾಪೆ ನೇಯುವುದನ್ನು ನೋಡಿದವರಿಗೆ ಕೈ ತಾನಾಗಿ ಹೋಗುತ್ತದೆ. ಪ್ರತಿ ಸಾಲಿನ ತುದಿಯಲ್ಲಿ ನೂಲನ್ನು ಬಿಗಿಯದೆ ಒಂದು ಚಿಕ್ಕ ಕುಣಿಕೆ ಬಿಡಿ, ಹೊಸ ನೂಲು ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ. ಗಂಟು ಹಾಕಬೇಡಿ. ಗಂಟು ಶೂ ಒಳಗೆ ಕಲ್ಲಿನ ಹಾಗೆ ಒತ್ತುತ್ತದೆ.

ಅದೇ ಬಣ್ಣದ ನೂಲು ಸಿಗದಿದ್ದರೆ ಚಿಂತೆ ಬೇಡ. ಅತ್ತೆಯ ಬೂದು ಸಾಕ್ಸ್‌ಗೆ ಎರಡೂ ಹಿಮ್ಮಡಿಯಲ್ಲಿ ಕೆಂಪು ನೂಲು ಹಾಕಿದ್ದೇನೆ. ಈಗ ಅದನ್ನು ಯಾರಿಗೂ ಒಗೆಯಲು ಕೊಡುವುದಿಲ್ಲ, ಅಂಟುವಾಳ ನೆನೆಹಾಕಿ ತಾವೇ ಒಗೆಯುತ್ತಾರೆ.

ಯಾವಾಗ ಬಿಸಾಡಬೇಕು?

ರಫೂ ಮಾಡಿದ ಜಾಗದ ಸುತ್ತ ಮತ್ತೆ ತೂತಾದರೆ, ಸೂಜಿ ಹಾಕಲು ಗಟ್ಟಿ ಹೆಣಿಗೆ ಉಳಿಯದಿದ್ದರೆ ಸಾಕು ಮಾಡಿ. ಆದರೂ ಬಿಸಾಡುವ ಮೊದಲು ಮೇಲಿನ ಪಟ್ಟಿಯ ಭಾಗದ ನೂಲನ್ನು ಬಿಚ್ಚಿ ಸುತ್ತಿಡಿ, ಅದು ಸವೆದಿರುವುದಿಲ್ಲ. ಮುಂದಿನ ಸಾಕ್ಸ್‌ಗೆ ರಫೂ ನೂಲು ಅದೇ. ಪೂರ್ತಿ ಉಣ್ಣೆಯದ್ದಾದರೆ ಉಳಿದದ್ದನ್ನು ಚೂರು ಮಾಡಿ ಅಡಿಕೆ ಮರದ ಬುಡಕ್ಕೆ ಹಾಕಬಹುದು, ನಿಧಾನವಾಗಿ ಕೊಳೆತು ಗೊಬ್ಬರವಾಗುತ್ತದೆ. ನೈಲಾನ್ ಇದ್ದರೆ ತೋಟಕ್ಕೆ ಬೇಡ. ನಮ್ಮ ಮನೆಯಲ್ಲಿ ಅಂಥವು ಬೆಕ್ಕಿನ ಬುಟ್ಟಿಗೆ ಹೋಗುತ್ತವೆ. ಚಳಿಗಾಲದಲ್ಲಿ ಅದಕ್ಕೂ ಬೆಚ್ಚಗೆ ಬೇಕಲ್ವಾ.